ಕೊಳಗ ಯಾರ ಕೈಯಲ್ಲಿದೆ?

ನಮ್ಮ ಸೋದರಮಾವನ ಹತ್ತಿರ ಒಂಬತ್ತು ವರ್ಷಗಳ ದೀಪಾವಳಿ ಇತ್ತು. ಸಾಗರ ತಾಲ್ಲೂಕಿನ ನಮ್ಮ ಸೀಮೆಯಲ್ಲಿ ಹಬ್ಬದ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಯಿಂದ ಮನೆಗೆ ಬರುತ್ತಾರೆ. ಮಾವ ಅವರ ಬೆನ್ನಿಗೇ ಫೋನ್ ಹಿಡಿದು ನಡೆಯುತ್ತಿದ್ದರು. ಬಾಗಿಲು ತೆಗೆಸುವ ಪದ, ದೀಪಕ್ಕೆ ಎಣ್ಣೆ ಎರೆಸಿಕೊಳ್ಳುವ ಪದ, ಮನೆಯವರನ್ನು ಹರಸಿ ಹೊರಡುವ ಪದ ಎಲ್ಲವೂ ಅವರ ಫೋನಿಗೆ ಇಳಿಯುತ್ತಿದ್ದವು. ಮದುವೆ ಮನೆಗಳಲ್ಲಿ ಮುದುಕಿಯರು ಹೇಳುತ್ತಿದ್ದ ಸೋಬಾನೆಗಳೂ ಇದ್ದವು. ನಮ್ಮ ಅಜ್ಜಿ ತೀರಿಕೊಳ್ಳುವ ಹಿಂದಿನ ಚಳಿಗಾಲ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತ ಒಂದು ದೊಡ್ಡ ಪದವನ್ನು ಮೊದಲಿಂದ ಕೊನೆಯವರೆಗೆ ಹೇಳಿದ್ದಳು. ಅದರಲ್ಲಿ ಅವಳ ದನಿಯ ನಡುವೆ ಮೆಟ್ಟುಗತ್ತಿಯ ಸದ್ದು, ಬುಟ್ಟಿಗೆ ಅಡಿಕೆ ಬೀಳುವ ಸದ್ದು, ಹಿತ್ತಲಿನಲ್ಲಿ ಕೂಗಿದ ಕೋಳಿ, ಎಲ್ಲವೂ ಕೇಳುತ್ತಿತ್ತು.

ಫೋನ್ ತುಂಬಿದಾಗಲೆಲ್ಲ ಅದೇ ಒಂದು ದಾರಿ ತೋರಿಸುತ್ತಿತ್ತು: ನಿಮ್ಮ ಕಡತಗಳನ್ನು ನಮ್ಮಲ್ಲಿ ಇಡಿ, ಫೋನಿನಲ್ಲಿ ಜಾಗ ಖಾಲಿಯಾಗುತ್ತದೆ. ಮಾವ ಸರಿ ಎಂದು ಒತ್ತುತ್ತಿದ್ದರು. ಒಂದು ಮಳೆಗಾಲ ಫೋನ್ ತೋಟದ ಕಾಲುವೆಗೆ ಬಿತ್ತು. ಹೊಸದು ಕೊಂಡಾಗ ಅಂಗಡಿಯವನು ಹೊಸ ಸಿಮ್ ಹಾಕಿಕೊಟ್ಟ. ಹಳೆಯ ನಂಬರಿಗೆ ರೀಚಾರ್ಜ್ ಮಾಡುವುದನ್ನು ಎಲ್ಲರೂ ಮರೆತೆವು, ಅದು ಸತ್ತು ಇನ್ಯಾರದೋ ಪಾಲಾಯಿತು. ಮಾವನಿಗೆ ಪಾಸ್‌ವರ್ಡ್ ನೆನಪಿರಲಿಲ್ಲ, ಅವರಿಗೆ ಅದನ್ನು ಯಾವತ್ತೋ ನಾನೇ ಹಾಕಿಕೊಟ್ಟಿದ್ದೆ. ಇದಂತೂ ನನ್ನದೇ ತಪ್ಪು. ಖಾತೆ ತೆರೆಯಲು ಓಟಿಪಿ ಬೇಕು, ಓಟಿಪಿ ಹೋಗುವುದು ಹಳೆಯ ನಂಬರಿಗೆ. ಆ ನಂಬರಿಗೆ ಕರೆ ಮಾಡಿದೆವು. ಎತ್ತಿದವರು ದಾವಣಗೆರೆ ಕಡೆಯವರು. ಓಟಿಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕರೆ ಕತ್ತರಿಸಿದರು. ಈಗಿನ ಕಾಲದಲ್ಲಿ ಅವರು ಮಾಡಿದ್ದೇ ಸರಿ.

ಕಂಪನಿಗೆ ಎಷ್ಟು ಸಲ ಬರೆದೆವೋ ಲೆಕ್ಕವಿಲ್ಲ. ಪ್ರತಿ ಸಲವೂ ಯಂತ್ರ ಕಳಿಸುವ ಅದೇ ನಾಲ್ಕು ಸಾಲಿನ ಉತ್ತರ. ಒಂದು ಸಂಜೆ ಮಾವ ಕೇಳಿದರು: “ಬ್ಯಾಂಕಾದ್ರೆ ಮ್ಯಾನೇಜರ್ ಇರ್ತಾರೆ, ತಾಲ್ಲೂಕ್ ಆಫೀಸಾದ್ರೆ ತಹಶೀಲ್ದಾರ್ರು ಇರ್ತಾರೆ. ಇದಕ್ಕೆ ಯಾರ ಹತ್ರ ಹೋಗಿ ಕೇಳ್ಬೇಕೋ?”

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ನಮ್ಮ ಮನೆಗೆ ಹೊಸದಲ್ಲ. ನಮ್ಮ ಅಜ್ಜ ಗೇಣಿ ಮಾಡಿ ಬದುಕಿದವರು. ಕಾಗೋಡಿನ ಕಥೆ ನಮಗೆ ಪಾಠಪುಸ್ತಕಕ್ಕಿಂತ ಮೊದಲು ಜಗಲಿಯಲ್ಲಿ ಸಿಕ್ಕಿತು. 1951ರಲ್ಲಿ ಅಲ್ಲಿಯ ಗೇಣಿದಾರರನ್ನು ಕೆರಳಿಸಿದ್ದು ಭತ್ತ ಅಳೆಯುವ ಕೊಳಗ. ಒಡೆಯರ ಮನೆಯ ಕೊಳಗ ನ್ಯಾಯವಾಗಿ ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಎಚ್. ಗಣಪತಿಯಪ್ಪ ರೈತರನ್ನು ಒಟ್ಟುಗೂಡಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉತ್ತವನ ಬೆವರು ಒಂದು ಕಡೆ, ಅಳತೆಯ ಪಾತ್ರೆ ಇನ್ನೊಬ್ಬನ ಕೈಯಲ್ಲಿ. ಅಲ್ಲಿಂದ ಶುರುವಾದ ಮಾತು “ಉಳುವವನೇ ಹೊಲದೊಡೆಯ” ಎಂಬಲ್ಲಿಗೆ ಮುಟ್ಟಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ನಮ್ಮ ಅಜ್ಜ ಶಾಲೆ ಮಾಸ್ತರರಿಂದ ಗೇಣಿ ಭೂಮಿಯ ಹಕ್ಕು ಕೇಳುವ ಫಾರಂ 7 ತುಂಬಿಸಿ ಹೆಬ್ಬೆಟ್ಟು ಒತ್ತಿದರು. ಅರ್ಜಿ ಹಾಕದೇ ಉಳಿದವರೂ ಊರಲ್ಲಿದ್ದರು. ಕೆಲವರಿಗೆ ಭಯ, ಹೆಚ್ಚಿನವರಿಗೆ ದಾಕ್ಷಿಣ್ಯ. ಇಷ್ಟು ವರ್ಷ ಅವರ ನೆಲದಲ್ಲಿ ಅನ್ನ ಉಂಡು ಈಗ ಅವರ ಮೇಲೇ ಅರ್ಜಿ ಹಾಕುವುದು ಹೇಗೆ ಎಂದುಕೊಂಡವರು.

ಆ ದಾಕ್ಷಿಣ್ಯವನ್ನು ನಾನು ಇವತ್ತು ಎಲ್ಲ ಕಡೆ ಕಾಣುತ್ತಿದ್ದೇನೆ. “ಪುಕ್ಕಟೆ ಕೊಡ್ತಿದ್ದಾರಲ್ಲ, ಇನ್ನೇನು ಬೇಕು?” ಎನ್ನುತ್ತೇವೆ. 2014ರಲ್ಲಿ ಫೇಸ್‌ಬುಕ್ ವಾಟ್ಸಾಪನ್ನು ಕೊಂಡ ಬೆಲೆ ಸುಮಾರು 1,900 ಕೋಟಿ ಡಾಲರ್. ಸಂದೇಶ ಕಳಿಸುವ ಒಂದು ತಂತ್ರಾಂಶ ಬರೆಸಲು ಅಷ್ಟು ದುಡ್ಡು ಬೇಕಾಗಿರಲಿಲ್ಲ. ಬೆಲೆ ಬಿದ್ದದ್ದು ಅದರೊಳಗಿದ್ದ ಜನಕ್ಕೆ, ಅಂದರೆ ನಮಗೆ. 2021ರ ಜನವರಿಯಲ್ಲಿ ಅದೇ ವಾಟ್ಸಾಪ್ ಹೊಸ ಷರತ್ತುಗಳನ್ನು ಮುಂದಿಟ್ಟು ಒಪ್ಪಿಕೊಳ್ಳಲು ಹೇಳಿದಾಗ ನಮ್ಮಲ್ಲಿ ಎಷ್ಟು ಜನ ಓದಿದೆವು? ನಮ್ಮ ದೇಶದ ಸ್ಪರ್ಧಾ ಆಯೋಗ ಅದನ್ನು ಓದಿತು, 2024ರ ನವೆಂಬರಿನಲ್ಲಿ, ಈಗ ಮೆಟಾ ಎಂದು ಹೆಸರಾಗಿರುವ ಆ ಫೇಸ್‌ಬುಕ್ ಕಂಪನಿಗೆ 213 ಕೋಟಿ ರೂಪಾಯಿ ದಂಡ ಹಾಕಿತು. ವ್ಯಾಜ್ಯ ಮೇಲಿನ ನ್ಯಾಯಮಂಡಳಿಗೆ ಹೋಯಿತು. ಈ ನಡುವೆ ನಾವು ಒಪ್ಪಿಗೆ ಒತ್ತಿ ಮುಂದಕ್ಕೆ ಹೋಗಿಬಿಟ್ಟಿದ್ದೆವು.

ಕೊಳಗದ ಮಾತಿಗೆ ಬರುತ್ತೇನೆ. ಊರಿನ ಯುವಕ ಮಂಡಲದ ಪುಟವೊಂದಕ್ಕೆ ಐದು ಸಾವಿರ ಜನ ಇದ್ದಾರೆ ಎನ್ನಿ. ವರ್ಷಗಟ್ಟಲೆ ಫೋಟೋ ಹಾಕಿ, ಸಾವಿಗೆ ಮರುಗಿ, ಮದುವೆಗೆ ಹಾರೈಸಿ ಕಟ್ಟಿದ ಬಳಗ ಅದು. ನಾಟಕದ ಸುದ್ದಿ ಹಾಕಿದರೆ ಅದು ಆ ಐದು ಸಾವಿರದಲ್ಲಿ ಎಷ್ಟು ಮಂದಿಗೆ ಕಾಣಿಸಬೇಕು ಎಂಬುದನ್ನು ಕಂಪನಿ ಅಳೆಯುತ್ತದೆ. ಇನ್ನಷ್ಟು ಜನಕ್ಕೆ ಕಾಣಬೇಕಾದರೆ ದುಡ್ಡು ಕಟ್ಟಿ ಎನ್ನುತ್ತದೆ. ನೀವೇ ಕರೆದು ಕೂರಿಸಿದ ಜನರಿಗೆ ನಿಮ್ಮ ಮಾತು ಮುಟ್ಟಿಸಲು ನೀವೇ ದುಡ್ಡು ಕೊಡಬೇಕು. ಆ ಅಳತೆ ಹೇಗೆ ನಡೆಯುತ್ತದೆಂದು ಹೊರಗಿನವರು ಯಾರೂ ನೋಡುವಂತಿಲ್ಲ. ಕಾಗೋಡಿನವರಿಗೆ ಕೊಳಗವಾದರೂ ಕಣ್ಣಿಗೆ ಕಾಣುತ್ತಿತ್ತು.

ಒಕ್ಕಲೆಬ್ಬಿಸುವುದೂ ಉಂಟು. ಆರ್ಕುಟ್‌ನಲ್ಲಿ ಕನ್ನಡದ ಎಷ್ಟೊಂದು ಗುಂಪುಗಳಿದ್ದವು, ಪರದೇಶದಲ್ಲಿದ್ದ ಎಷ್ಟು ಹುಡುಗರು ಅಲ್ಲಿ ಮೊದಲ ಸಲ ಕನ್ನಡ ಲಿಪಿಯಲ್ಲಿ ಹರಟಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಅದನ್ನು ಮುಚ್ಚಿದರು. ಯಾಹೂ ಗ್ರೂಪ್ಸ್‌ನಲ್ಲಿ ಕೂಡಿಬಿದ್ದಿದ್ದ ಚರ್ಚೆಗಳನ್ನು 2019ರ ಕೊನೆಗೆ ಅಳಿಸಿದರು, ಮರುವರ್ಷ ಬಾಗಿಲೇ ಮುಚ್ಚಿತು. ನಮ್ಮವರದೇ ಕಂಪನಿಯಾದರೆ ಹೀಗಾಗುವುದಿಲ್ಲ ಎಂದು ಹೇಳುವವರಿದ್ದಾರೆ, ಅವರ ಅಭಿಮಾನಕ್ಕೆ ನನ್ನ ಗೌರವವಿದೆ. ಆದರೆ ‘ಕೂ’ ಎಂಬ ಸಾಮಾಜಿಕ ಜಾಲತಾಣ ಬೆಂಗಳೂರಿನದೇ. 2020ರಲ್ಲಿ ಶುರುವಾದಾಗ ಮೊದಲು ಮಾತಾಡಿದ್ದೇ ಕನ್ನಡದಲ್ಲಿ. ಕಟ್ಟಿದವರ ಶ್ರಮ ಸಣ್ಣದಲ್ಲ. 2024ರ ಜುಲೈನಲ್ಲಿ ದುಡ್ಡು ಹುಟ್ಟದೆ ಅದೂ ಮುಚ್ಚಿತು. ಒಡೆಯ ಯಾವ ಊರಿನವನು ಎಂಬುದು ಒಂದು ಪ್ರಶ್ನೆ. ಅವನು ಬಾಗಿಲು ಹಾಕಿದ ದಿನ ನಮ್ಮ ಸಾಮಾನು ನಮ್ಮ ಕೈಗೆ ಬರುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ದುಡ್ಡು ಕೊಟ್ಟವರಿಗಾದರೂ ಭದ್ರತೆ ಇದೆಯೇ? ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಏಕಾಏಕಿ ಸೇವೆ ನಿಲ್ಲಿಸಿತು. ನಯಾರಾದಲ್ಲಿ ರಷ್ಯಾದ ಪಾಲುದಾರಿಕೆ ಇದೆಯೆಂದು ಯುರೋಪಿನ ಒಕ್ಕೂಟ ನಿರ್ಬಂಧ ಹೇರಿದ್ದೇ ಹಿನ್ನೆಲೆ. ಪೂರ್ತಿ ಹಣ ಕಟ್ಟಿದ ಲೈಸೆನ್ಸ್ ನಮ್ಮದು, ನಮ್ಮ ಮಾಹಿತಿಯೇ ನಮಗೆ ಸಿಗುತ್ತಿಲ್ಲ ಎಂದು ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ನಯಾರಾಕ್ಕೆ ವಕೀಲರಿದ್ದರು. ನಮ್ಮ ಮಾವನಿಗೆ ಯಾರಿದ್ದಾರೆ?

ವಾಟ್ಸಾಪ್ ಕಿತ್ತೊಗೆಯಿರಿ ಎಂದು ನಾನು ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯ ವರದಿ ಅಲ್ಲಿದೆ, ಮಗಳ ಶಾಲೆಯ ಹೋಂವರ್ಕ್ ಅಲ್ಲಿದೆ, ಕೊಲ್ಲಿಯಲ್ಲಿ ದುಡಿಯುವ ಮಗನ ಮುಖ ಕಾಣುವುದು ಅಲ್ಲೇ. ಬಿಡು ಎಂದರೆ ಬಿಡುವುದು ಬಡವರ ಕೈಯಲ್ಲಿಲ್ಲ. ನನ್ನ ಸಿಟ್ಟು ಅವರನ್ನು ಅಲ್ಲಿಗೆ ನೂಕಿದವರ ಮೇಲೆ. ನೀರು ಬಿಡುವ ದಿನದ ಸೂಚನೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸದೆ ಗುಂಪಿನಲ್ಲಿ ಮಾತ್ರ ಹಾಕುವ ಕಚೇರಿ, ಮಕ್ಕಳ ಪಾಠವನ್ನೆಲ್ಲ ಒಂದೇ ಕಂಪನಿಯ ಕಪಾಟಿಗೆ ಸುರಿದ ಶಾಲೆ, ದಶಕಗಳ ಸಂಚಿಕೆಗಳಿದ್ದರೂ ಒಂದು ಸ್ವಂತ ಜಾಲತಾಣ ಮಾಡದೆ ಬರೀ ಫೇಸ್‌ಬುಕ್ ಪುಟದಲ್ಲಿ ಬದುಕುವ ಸಾಹಿತ್ಯ ಸಂಘ: ಇವರನ್ನು ನಾನು ಕೇಳುತ್ತೇನೆ. ಊರಿನ ದಫ್ತರವನ್ನು ನೀವು ಖಾಸಗಿಯವರ ಮನೆಯಲ್ಲಿ ಇಡುತ್ತಿದ್ದಿರಾ? 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಹೆಚ್ಚುಕಡಿಮೆ ಆರು ಗಂಟೆ ನಿಂತುಹೋದವು. ಆ ರಾತ್ರಿ ಹೊಳೆ ಉಕ್ಕಿ, ಕೆಳಗಿನ ಕೇರಿಯವರಿಗೆ ಮನೆ ಬಿಡಿ ಎಂದು ಹೇಳಬೇಕಾಗಿದ್ದರೆ?

ಬೇರೆ ದಾರಿ ಇಲ್ಲ ಎಂಬ ಮಾತನ್ನು ನಂಬಬೇಡಿ. ಇಮೇಲ್ ಯಾರ ಸ್ವತ್ತೂ ಅಲ್ಲ. ಒಂದು ಕಂಪನಿಯ ವಿಳಾಸದಿಂದ ಇನ್ನೊಂದರ ವಿಳಾಸಕ್ಕೆ ಪತ್ರ ಹೋಗುತ್ತದೆ. ಬಿಎಸ್‌ಎನ್‌ಎಲ್ ಫೋನಿನಿಂದ ಜಿಯೋಗೆ ಕರೆ ಹೋಗುವ ಹಾಗೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ನಮಗೆ ದೇಶದಾದ್ಯಂತ 2011ರ ಜನವರಿಯಿಂದ ಇದೆ. ಸಂದೇಶಗಳಿಗೂ ಅಂಥ ಹಕ್ಕು ಬೇಕೆಂದು ನಾವು ಯಾಕೆ ಕೇಳುತ್ತಿಲ್ಲ? ಯುರೋಪಿನವರು ಕೇಳಿದರು. ದೊಡ್ಡ ಕಂಪನಿಗಳು ತಮ್ಮ ಸಂದೇಶ ಸೇವೆಯನ್ನು ಬೇರೆಯವರಿಗೂ ತೆರೆಯಬೇಕೆಂದು ಅಲ್ಲಿ ಕಾಯ್ದೆಯೇ ಬಂತು. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲವೂ ಇದೇ ನಂಬಿಕೆಯ ಮೇಲೆ 2016ರಲ್ಲಿ ಹುಟ್ಟಿತು. ಅಲ್ಲಿ ಒಡೆಯ ಒಬ್ಬನಲ್ಲ. ಬೇರೆ ಬೇರೆ ಗುಂಪುಗಳು ತಮ್ಮ ತಮ್ಮ ಸರ್ವರ್ ನಡೆಸುತ್ತವೆ, ಈ ಸರ್ವರಿನವರು ಆ ಸರ್ವರಿನವರೊಡನೆ ಮಾತಾಡಬಹುದು, ಬೇಡವೆನಿಸಿದರೆ ಬಳಗವನ್ನು ಕಟ್ಟಿಕೊಂಡು ಇನ್ನೊಂದು ಸರ್ವರಿಗೆ ಹೋಗಬಹುದು. ಸಿಗ್ನಲ್ ಲಾಭಕ್ಕಲ್ಲದ ಸಂಸ್ಥೆಯೊಂದು ನಡೆಸುವ ಸಂದೇಶ ಸೇವೆ. ಮ್ಯಾಟ್ರಿಕ್ಸ್ ಎಂಬ ಸಂದೇಶ ವ್ಯವಸ್ಥೆಯಲ್ಲಾದರೆ ಒಂದು ಕಾಲೇಜು ತನ್ನದೇ ಸರ್ವರ್ ಇಟ್ಟುಕೊಳ್ಳಬಹುದು. ಇವು ಯಾವುವೂ ಕುಂದಿಲ್ಲದವಲ್ಲ. ಮೊದಮೊದಲು ಜನ ಕಡಿಮೆ, ಕೈಗೆ ಒಗ್ಗಲು ಹೊತ್ತು ಬೇಕು. ಹೊಸ ಗದ್ದೆಯ ಮೊದಲ ಬೆಳೆ ಎಂದಾದರೂ ತುಂಬ ಬಂದದ್ದುಂಟೇ?

ಕನ್ನಡದಲ್ಲಿ ಹೀಗೆ ಉತ್ತವರು ಇದ್ದಾರೆ, ನಮಗೆ ಅವರ ನೆನಪಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಸಂಬಳವಿಲ್ಲದ ಕೈಗಳು ಬರೆಯುತ್ತಿವೆ. ಅದರ ಪ್ರತಿಯನ್ನು ಯಾರು ಬೇಕಾದರೂ ಇಡಿಯಾಗಿ ಇಳಿಸಿಕೊಳ್ಳಬಹುದು, ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆ ಎದ್ದೇಳುತ್ತದೆ. 2005ರಲ್ಲಿ ‘ಸಂಪದ’ ಜಾಲತಾಣ ಬಂದಾಗ ಬರೆಯುವವರಿಗೆಲ್ಲ ಅದು ಜಗಲಿಯಾಯಿತು. ‘ವಚನ ಸಂಚಯ’ದವರು ಸಾವಿರಾರು ವಚನಗಳನ್ನು ಒಂದೊಂದು ಪದವನ್ನೂ ಹುಡುಕಬಲ್ಲ ಹಾಗೆ ಜೋಡಿಸಿಟ್ಟರು. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಹಳೆಯ ಕನ್ನಡ ಪುಸ್ತಕಗಳ ಪುಟ ಪುಟ ತಿರುವಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿದೆ. ನಾವು ಮಾಡಿದ್ದು ಏನು? ಪುಕ್ಕಟೆ ಓದಿ, ಅದರ ಫೋಟೋ ತೆಗೆದು, ಕಂಪನಿಯ ಗುಂಪಿಗೆ ಕಳಿಸಿದೆವು.

ಬೆಂಗಳೂರಿನ ಎಂಜಿನಿಯರುಗಳೇ, ಈ ಮಾತು ನಿಮಗೆ. ನಮ್ಮನ್ನು ಈ ಕಂಪನಿಗಳೊಳಗೆ ಕೂಡಿಹಾಕುವ ಬೀಗಗಳನ್ನು ಮಾಡುವವರಲ್ಲಿ ನೀವೂ ಇದ್ದೀರಿ. ನಿಮ್ಮ ಹೊಟ್ಟೆಪಾಡಿನ ಮೇಲೆ ನನ್ನ ಮುನಿಸಿಲ್ಲ. ವಾರಕ್ಕೆ ಎರಡು ಗಂಟೆ ನಿಮ್ಮ ಊರಿಗೆ ಕೊಡಿ. ಊರಿನ ಸಂಘಕ್ಕೆ ಅದರ ಹೆಸರಿನಲ್ಲೇ ಒಂದು ಡೊಮೇನ್ ಕೊಂಡುಕೊಡಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು, ಒಂದು ಹೊತ್ತು ಹೋಟೆಲಿನಲ್ಲಿ ಉಂಡಷ್ಟು. ಬರೆದದ್ದು ಮೊದಲು ಅಲ್ಲಿ ಬರಲಿ, ಆಮೇಲೆ ಬೇಕಾದರೆ ಅದರ ಕೊಂಡಿ ಫೇಸ್‌ಬುಕ್ಕಿಗೆ ಹೋಗಲಿ. ಮೂಲ ಮನೆಯಲ್ಲಿರಲಿ, ಸಂತೆಗೆ ಪ್ರತಿ ಹೋಗಲಿ. ಹಾಗೆಯೇ ಅಪ್ಪನಿಗೋ ಅತ್ತೆಗೋ ಒಂದು ಹಾರ್ಡ್‌ಡಿಸ್ಕ್ ಕೊಟ್ಟು, ಅದನ್ನು ಚುಚ್ಚಿ ನಕಲು ಮಾಡುವುದು ಹೇಗೆಂದು ಪಕ್ಕದಲ್ಲಿ ಕೂತು, ಬೇಸರಪಡದೆ ಮೂರು ಸಲ ತೋರಿಸಿ. ನಾನು ಮಾವನಿಗೆ ಮಾಡಬೇಕಾಗಿದ್ದು ಇಷ್ಟೇ. ಪಾಸ್‌ವರ್ಡ್ ಹಾಕಿಕೊಟ್ಟು ಬಸ್ಸು ಹತ್ತಿದೆ.

ಅಧಿಕಾರಿಗಳೇ, ಶಿಕ್ಷಕರೇ, ಸಂಘಗಳ ಕಾರ್ಯದರ್ಶಿಗಳೇ, ಒಂದು ಸೇವೆಗೆ ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಾಳೆ ಹೊರಡುತ್ತೇವೆಂದರೆ ನಮ್ಮದನ್ನೆಲ್ಲ ನಮ್ಮ ಕೈಗೆ, ಬೇರೆ ಕಡೆ ತೆರೆಯಬಲ್ಲ ರೂಪದಲ್ಲಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಸಹಿ ಹಾಕಬೇಡಿ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿವೆ. ಅಲ್ಲಿ ಆದದ್ದು ನಮ್ಮಲ್ಲಿ ಆಗದಂಥದ್ದೇನಲ್ಲ.

ಮಾವ ಕಳೆದ ದೀಪಾವಳಿಗೆ ಮತ್ತೆ ಹೊರಟರು. ಜೊತೆಗೆ ನಾನೂ ನಡೆದೆ. ಹಾಡುವವರಲ್ಲಿ ಇಬ್ಬರು ಹಿರಿಯರು ಈಗಿಲ್ಲ, ಅವರಿಗೆ ಮಾತ್ರ ಬರುತ್ತಿದ್ದ ಪದಗಳೂ ಅವರ ಜೊತೆಗೇ ಹೋದವು. ಉಳಿದವನ್ನು ಹಿಡಿದೆವು. ಬೆಳಗಿನ ಜಾವ ಮನೆಗೆ ಬಂದು, ಕಾಲು ತೊಳೆಯುವ ಮುಂಚೆಯೇ ಮಾವ ಜಗಲಿಯಲ್ಲಿ ಹಾರ್ಡ್‌ಡಿಸ್ಕ್ ಚುಚ್ಚಿದರು. ಒಂದು ಪ್ರತಿ ಅವರ ಮನೆಯಲ್ಲಿ, ಒಂದು ನನ್ನಲ್ಲಿ, ಹಾಡಿದವರನ್ನು ಕೇಳಿ ಒಪ್ಪಿಸಿಕೊಂಡು ಮೂರನೆಯದು ಇಂಟರ್ನೆಟ್ ಆರ್ಕೈವ್‌ನಲ್ಲಿ.

ಅಜ್ಜಿಯ ಪದ ಸಿಕ್ಕಿಲ್ಲ. ಅಮ್ಮನಿಗೆ ಅದರ ಮೊದಲ ಭಾಗ ಬರುತ್ತದೆ, ಚಿಕ್ಕಮ್ಮನಿಗೆ ಕೊನೆಯ ಕೆಲವು ನುಡಿ. ನಡುವಿನದು ಇಬ್ಬರಿಗೂ ಬಾರದು. ಸಾಗರ, ಸೊರಬ, ಹೊಸನಗರ ಸೀಮೆಯ ಯಾವುದಾದರೂ ಮದುವೆ ಮನೆಯಲ್ಲಿ ಯಾರಾದರೂ ಫೋನಿನಲ್ಲಿ ಹಿಡಿದಿಟ್ಟಿರಬಹುದು. ಅದು ನಿಮ್ಮ ಫೋನೇ ಆಗಿರಬಹುದು. ನಿಮ್ಮ ಅಜ್ಜಿಯದೂ ಅದರಲ್ಲಿ ಏನಾದರೂ ಇದ್ದೀತು. ಇವತ್ತು ರಾತ್ರಿ ಮಲಗುವ ಮುಂಚೆ ತೆಗೆದು ನೋಡಿ, ಒಂದು ಪ್ರತಿ ಹೊರಗೆ ಇಳಿಸಿ.