ಹುಣಸೂರಿನ ಮುಖಕ್ಕೆ ಯಾವೂರ ಅಳತೆ?

ಫಸ್ಟ್ ಇಯರ್ ಡ್ರಾಯಿಂಗಲ್ಲಿ ಬರೀ ಸೈಡ್ ವ್ಯೂ ಬಿಡಿಸಿ ಕೊಟ್ಟರೆ ಮಾರ್ಕ್ಸ್ ಬರುತ್ತಾ? ದವಡೆ ಸರ್ಜರಿಗೆ ಮಾತ್ರ 1931ರಿಂದ ದಶಕಗಟ್ಟಲೆ ಆಧಾರವಾಗಿದ್ದದ್ದು ಮುಖ್ಯವಾಗಿ ಅದೇ, ಪಕ್ಕದಿಂದ ತೆಗೆದ ಎಕ್ಸ್-ರೇ. ಎಡ ಬಲ ಒಂದರ ಮೇಲೊಂದು ಬಿದ್ದು, ಮುಖ ಎಷ್ಟು ವಾಲಿದೆ ಅನ್ನೋದು ಅದರಲ್ಲಿ ಸಿಗೋಲ್ಲ. ಈಗ ಸಿಟಿ ಸ್ಕ್ಯಾನ್ ಹಾಕಿ ಬುರುಡೆಯನ್ನ ಕಂಪ್ಯೂಟರಲ್ಲಿ ತಿರುಗಿಸಿ ಅಳೀತಾರೆ. ಒಳ್ಳೇದೇ.

ಆದ್ರೆ ಅಳೆದದ್ದನ್ನ ಹೋಲಿಸೋದು ಯಾವುದಕ್ಕೆ? ಬುರುಡೆಯ ತಳಕ್ಕೆ ಮೇಲ್ದವಡೆ 82 ಡಿಗ್ರಿ, ಕೆಳದವಡೆ 80 ಡಿಗ್ರಿ ಇರಬೇಕು ಅಂತ 1953ರಲ್ಲಿ ಸ್ಟೈನರ್ ಬರೆದದ್ದು ಅಮೆರಿಕದ ಬಿಳಿಯರ ಮುಖ ನೋಡಿ. ಎಚ್.ಡಿ. ಕೋಟೆ ಹಾಡಿಯ ಹುಡುಗಿಗೂ, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಯೋರ ಮಗನಿಗೂ ಅದೇ ಲೆಕ್ಕವಾ? ನಮ್ಮ ಕಡೆ ತುಟಿ, ಹಲ್ಲು ತುಸು ಮುಂದಿರೋದು ಸಹಜ. ಒಳ್ಳೆ ಸರ್ಜನ್ ಬರೀ ಅಂಕಿ ನಂಬಿ ಮೂಳೆ ಕತ್ತರಿಸೋಲ್ಲ, ನಿಜ. ಆದರೂ ತಪ್ಪು ಸ್ಕೇಲ್ ಕೈಗೆ ಕೊಡೋದ್ಯಾಕೆ?

ತ್ರೀಡಿ ಸ್ಲೈಸರ್ ಉಚಿತ, ಅದರ ಕೋಡ್ ಕೂಡ ಮುಕ್ತ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನವರು ಮೈಸೂರಿನ ಡೆಂಟಲ್ ಕಾಲೇಜುಗಳ ಜೊತೆ ಕೂತು, ಈಗಾಗಲೇ ತೆಗೆದಿರೋ ಸ್ಕ್ಯಾನುಗಳಿಂದ ನಮ್ಮ ಜಿಲ್ಲೆಯ ಅಳತೆ ಕಟ್ಟಬಹುದು. ಅಳತೆಗೋಸ್ಕರ ಯಾರಿಗೂ ಹೊಸದಾಗಿ ಎಕ್ಸ್-ರೇ ಹಾಯಿಸೋದು ಬೇಡ. ಹೆಸರು ತೆಗೆದು, ಒಪ್ಪಿಗೆ ಪಡೆದೇ ಮಾಡಬೇಕು. ಥರ್ಸ್ಟನ್ ಸಾಹೇಬ ಕ್ಯಾಲಿಪರ್ ಹಿಡಿದು ಮೂಗು ಅಳೆದು ಜಾತಿ ವಿಂಗಡಿಸಿದ್ದು ನಮಗೆ ಸಾಕಾಗಿದೆ.