ಸೋಲಿನ ಮೂಲವೆಲ್ಲಿ?

ಅಮೆರಿಕದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡುವ ಏರ್ಪಾಡಿಗೆ ಅಲ್ಲಿಯ ನ್ಯಾಯಾಲಯವು 2025ರಲ್ಲಿ ಸಮ್ಮತಿಯಿತ್ತಿತು. ಒಂದು ಕಾಲೇಜು ಮೊದಲ ವರ್ಷ ಸುಮಾರು 2 ಕೋಟಿ ಡಾಲರುಗಳವರೆಗೆ ಹಂಚಬಹುದೆಂದು ಗೊತ್ತಾಯಿತು. ದುಡಿದವನಿಗೆ ಬೆಲೆ ಸಲ್ಲುವುದು ನ್ಯಾಯವೇ ಸರಿ. ಆದರೆ ಬಡ ಕಾಲೇಜುಗಳ ಗತಿಯೇನು?

ಈ ಪ್ರಶ್ನೆಗೆ ಟೆಕ್ಸಾಸಿನ ಪ್ರೈರೀ ವ್ಯೂ ವಿದ್ಯಾಲಯದ ಫುಟ್‌ಬಾಲ್ ತಂಡದ ವೃತ್ತಾಂತವೇ ಉತ್ತರವೆಂದು ನಾವು ಭಾವಿಸುತ್ತೇವೆ. ಕರಿಯ ಜನರ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಈ ಸಂಸ್ಥೆಯ ತಂಡವು 1953ರಿಂದ 1964ರೊಳಗೆ ಐದು ಬಾರಿ ಆ ವರ್ಗದ ಕಾಲೇಜುಗಳಲ್ಲಿ ಅಗ್ರಪಟ್ಟವನ್ನು ಪಡೆದಿತ್ತು. ಅದೇ ತಂಡವು 1989ರಿಂದ 1998ರವರೆಗೆ ಸಾಲಾಗಿ 80 ಪಂದ್ಯಗಳನ್ನು ಸೋತಿತು! ಹುಡುಗರ ಪೌರುಷವು ಕುಂದಿತ್ತೆ? ಎಷ್ಟುಮಾತ್ರವೂ ಇಲ್ಲ. ಹಣಕಾಸಿನ ಅವ್ಯವಸ್ಥೆಯಿಂದ 1990ರಲ್ಲಿ ಆಟವೇ ನಿಂತಿತು. ಮರುವರ್ಷ ಪುನಃ ಆರಂಭವಾದಾಗ ಆಟಗಾರರಿಗೆ ವಿದ್ಯಾರ್ಥಿವೇತನವಿರಲಿಲ್ಲ. ಆದರೂ ಹುಡುಗರು ಮೈದಾನವನ್ನು ಬಿಡಲಿಲ್ಲ. 1998ರ ಸೆಪ್ಟೆಂಬರಿನಲ್ಲಿ ಲ್ಯಾಂಗ್‌ಸ್ಟನ್ ತಂಡವನ್ನು 14-12ರಿಂದ ಸೋಲಿಸಿ ಆ ಕಳಂಕವನ್ನು ತೊಳೆದರು.

ಸೋಲು ಬೊಕ್ಕಸದಲ್ಲಿ ಹುಟ್ಟಿ ಮೈದಾನದಲ್ಲಿ ಕಾಣಿಸಿಕೊಳ್ಳುತ್ತದೆ. ಹಿರಿಯರ ತಪ್ಪಿಗೆ ಕಿರಿಯರು ದಂಡ ತೆತ್ತರು. ಈಗ ಧನಿಕ ಕಾಲೇಜುಗಳಿಗೆ ಗೆಲುವನ್ನು ಕೊಳ್ಳಲು ಅನುಮತಿ ದೊರೆತಿರುವಾಗ, ಬಡ ಕಾಲೇಜುಗಳಿಗೂ ತಕ್ಕ ಪಾಲನ್ನು ನಿಶ್ಚಯಿಸುವುದು ಆ ದೇಶದ ಮುಖಂಡರ ಕರ್ತವ್ಯ. ಅದಿಲ್ಲವಾದರೆ, ಪಂದ್ಯ ಆರಂಭವಾಗುವ ಮೊದಲೇ ಫಲಿತಾಂಶವನ್ನು ಬರೆದಿಟ್ಟಂತೆಯೇ ಸರಿ.