ಟ್ರೇಲರಿನ ಭಾರ ಎಲ್ಲಿ ಕೂರಬೇಕು?

ಗೌರಿಬಿದನೂರಿನ ಸುತ್ತಮುತ್ತ ಮುಸುಕಿನ ಜೋಳದ ಸುಗ್ಗಿ ಬಂದಿತೆಂದರೆ ಹೇರು ಹೊತ್ತ ಟ್ರ್ಯಾಕ್ಟರುಗಳನ್ನು ಕಾಣದ ದಾರಿಯಿಲ್ಲ. ಟ್ರೇಲರು ಕೊಳ್ಳುವವರು ತಗಡಿನ ದಪ್ಪವನ್ನೂ ಟೈರಿನ ಗುಣವನ್ನೂ ಬೆಲೆಯನ್ನೂ ವಿಚಾರಿಸುವರು. ಅದನ್ನು ಟ್ರ್ಯಾಕ್ಟರಿಗೆ ಕೂಡಿಸುವ ಕೊಕ್ಕೆ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ಕೇಳುವವರು ವಿರಳ. ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾವು ಭಾವಿಸುತ್ತೇವೆ.

ಎತ್ತಿನ ಗಾಡಿ ಹೊಡೆದವರಿಗೆ ಇದು ಹೊಸ ಮಾತಲ್ಲ. ಹೇರು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿಯೂ ಹೇರಿನ ಒಂದು ಪಾಲು ಕೊಕ್ಕೆಯ ಮೇಲೆ ಬೀಳುತ್ತದೆ. ಕೊಕ್ಕೆಯಾದರೋ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹಿಂದಿರುವುದು. ಕೊಕ್ಕೆಯ ಮೇಲೆ 500 ಕಿಲೋಗ್ರಾಂ ಭಾರವಿದೆ, ಅದು ಅಚ್ಚಿನಿಂದ 80 ಸೆಂಟಿಮೀಟರು ಹಿಂದಿದೆ, ಎರಡು ಅಚ್ಚುಗಳ ನಡುವಣ ಅಂತರ 200 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಸನ್ನೆಯ ನಿಯಮದಂತೆ ಮುಂಗಾಲಿಗಳ ಮೇಲಿನ ಭಾರ 200 ಕಿಲೋಗ್ರಾಂ ಕಡಮೆಯಾಯಿತು! ಏರಿನಲ್ಲಿ ಎಳೆತವೂ ಸೇರಿ ಇನ್ನಷ್ಟು ಕಡಮೆಯಾಗುವುದು. ಕೊಕ್ಕೆ ಎತ್ತರವಾದಷ್ಟೂ ಈ ನಷ್ಟ ಹೆಚ್ಚು. ಮುಂಗಾಲಿ ಹಗುರಾದರೆ ಸ್ಟೀರಿಂಗು ಮಾತು ಕೇಳದು. ಅದು ನೆಲವನ್ನೇ ಬಿಟ್ಟರೆ ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಬಹುದು. ಹೂತ ಟ್ರೇಲರನ್ನು ಎಳೆಯಲು ಸರಪಣಿಯನ್ನು ಅಚ್ಚಿಗಿಂತ ಮೇಲೆ ಕಟ್ಟುವುದು ಇದನ್ನು ಕೈಯಾರೆ ಕರೆದಂತೆ.

ಚಿಕ್ಕಬಳ್ಳಾಪುರದ ಮೇಲೆ ಹಾಯುವ ಹೈದರಾಬಾದು ಹೆದ್ದಾರಿಯ ಕಂಟೇನರು ಲಾರಿಗಳನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಗ್ರೀಸು ಬಳಿದ ಒಂದು ಉಕ್ಕಿನ ತಟ್ಟೆಯಿದೆ. ಟ್ರೇಲರಿನ ಅಡಿಯ 2 ಅಂಗುಲದ ಗೂಟ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಕುದುರೆಯ ಸಾರೋಟಿನ ಮುಂದಿನ ಅಚ್ಚನ್ನು ತಿರುಗಿಸುತ್ತಿದ್ದ ಅಡ್ಡಚಕ್ರದಿಂದ ಇದಕ್ಕೆ ‘ಐದನೆಯ ಚಕ್ರ’ವೆಂಬ ಹೆಸರು ಬಂದಿತು. ಇದರ ಜಾಣ್ಮೆಯೆಲ್ಲ ಸ್ಥಾನದಲ್ಲಿದೆ: ಹಿಂದಿನ ಅಚ್ಚುಗಳ ನೇರಕ್ಕೆ, ಇಲ್ಲವೆ ತುಸು ಮುಂದೆ. ಭಾರವು ಹಿಂಗಾಲಿಗಳನ್ನು ನೆಲಕ್ಕೆ ಒತ್ತುತ್ತದೆಯೇ ಹೊರತು ಮೂತಿಯನ್ನು ಎತ್ತುವುದಿಲ್ಲ. ಅಮೆರಿಕದವರು ತಮ್ಮ ಪಿಕಪ್ಪುಗಳಲ್ಲಿ ಭಾರಿ ಟ್ರೇಲರಿಗೆ ಇದನ್ನೇ ಆರಿಸುವುದುಂಟು. ಪಿಕಪ್ಪಿನ ತೊಟ್ಟಿ ಗಿಡ್ಡವಾದರೆ ತಿರುವಿನಲ್ಲಿ ಟ್ರೇಲರಿನ ಮೂಲೆ ಚಾಲಕನ ಗೂಡಿಗೆ ತಾಗೀತೆಂದು ಹಿಂದೆ ಸರಿಯುವ ತಟ್ಟೆಯನ್ನು ಕೂರಿಸುವರು.

ಟ್ರ್ಯಾಕ್ಟರಿನ ಅಚ್ಚಿನ ಮೇಲೆ ಇಂತಹ ತಟ್ಟೆಗೆ ಜಾಗವೆಲ್ಲಿ? ಅಲ್ಲಿ ಚಾಲಕನೇ ಕುಳಿತಿದ್ದಾನೆ! ಆದರೆ ಮುಂದಿನ ಅಚ್ಚು ತಿರುಗುವ ನಾಲ್ಕು ಗಾಲಿಯ ಟ್ರೇಲರು ಕೊಕ್ಕೆಯ ಮೇಲೆ ಹೆಚ್ಚೇನೂ ಭಾರ ಹೇರದು. ಕಲ್ಲು, ಮರಳು ಹೊತ್ತು ರಸ್ತೆಯ ಏರು ಹತ್ತುವವರು ಅದನ್ನೇ ಕೊಳ್ಳುವುದು ಲೇಸು. ಹಿಂದಕ್ಕೆ ನಡೆಸುವುದು ಕಷ್ಟ, ನಿಜ. ಹೊಲದಲ್ಲಿಯೇ ಹೆಚ್ಚು ಓಡಾಡುವವರಿಗೆ ಎರಡು ಗಾಲಿಯದು ಸಾಕು. ಕೊಕ್ಕೆಯನ್ನು ತಗ್ಗಿನಲ್ಲಿಟ್ಟು, ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ತೂಕಗಳನ್ನು ಹಾಕಿಸಬೇಕು. ಇಷ್ಟೆಲ್ಲ ಖರ್ಚು ಮಾಡಿ, ಪಿನ್ನು ಕಳೆದಾಗ ಅದರ ಜಾಗದಲ್ಲಿ ಹಳೆಯ ಬೋಲ್ಟನ್ನು ತೂರಿಸುವ ಮಿತವ್ಯಯ ಮಾತ್ರ ನಮಗೆ ಇನ್ನೂ ಅರ್ಥವಾಗಿಲ್ಲ.